ಬಾಳೆದಿಂಡು, ಮಜ್ಜಿಗೆ ಮತ್ತು ನನ್ನ ಕೆನ್ನೆಯ ಬಂಗು

ಹೋದ ತಿಂಗಳ ಮೊದಲ ವಾರ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಊಟ ಆದಮೇಲೆ ಬ್ಯಾಗಿನಿಂದ ಒಂದು ಪುಟ್ಟ ಗಾಜಿನ ಬಾಟಲಿ ತೆಗೆದು ನನ್ನ ಕೈಗಿಟ್ಟಳು.

"ಚಿಕ್ಕಿ, ಇದು ನಿನ್ನ ಮೊಸರಿನ ಬ್ಯಾಕ್ಟೀರಿಯಾನೇ ಅಲ್ವಾ? ಬಂಗು ಹೋಗುತ್ತಂತೆ. ನಿಂಗೇ ಅಂತ ತಂದೆ."

ಮೂವತ್ತು ಎಂಎಲ್ ಬಾಟಲಿ. ಮುಂದೆ ದೊಡ್ಡದಾಗಿ 'ಪ್ರೋಬಯಾಟಿಕ್' (ಅಂದರೆ ಮೈಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿ) ಅಂತ ಬರೆದಿದೆ. ಹಿಂದೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಕಿಟಕಿ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಓದಿದೆ. ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟ್ ಲೈಸೇಟ್, ಲ್ಯಾಕ್ಟಿಕ್ ಆಸಿಡ್, ನಿಯಾಸಿನಮೈಡ್, ಇನ್ನೂ ಏನೇನೋ, ಕೊನೆಯಲ್ಲಿ ಫಿನಾಕ್ಸಿಎಥನಾಲ್.

ನಾನು ಹದಿನೇಳು ವರ್ಷದಿಂದ ಒಂದು ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊಸರಿಗೆ ಹಾಕುವ ಕಲ್ಚರ್, ಅದು ಎಷ್ಟು ಹುಳಿ ಬಂತು, ಬರಬಾರದ ಕೀಟಾಣು ಏನಾದರೂ ಸೇರಿಕೊಂಡಿತಾ ಅಂತ ನೋಡುವುದು ನನ್ನ ಕೆಲಸ. ಎಂಟು ವರ್ಷದಿಂದ ನನ್ನ ಎರಡೂ ಕೆನ್ನೆಯ ಮೇಲೆ ಬಂಗು, ಅಂದರೆ ಕಂದುಗಪ್ಪು ಕಲೆ, ಇದೆ. ಈ ಎರಡು ವಿಷಯ ಒಂದೇ ಬಾಟಲಿಯಲ್ಲಿ ಬಂದು ಕೂತುಕೊಳ್ಳುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಅವಳು ಕೇಳಿದ ಪ್ರಶ್ನೆಗೆ ಸುಮ್ನೆ ಹೌದು ಅಥವಾ ಇಲ್ಲ ಅನ್ನಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂಗಿನ ಕತೆ.

ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಶುರುವಾಯಿತು. ಮೊದಲು ಮೇಲ್ತುಟಿಯ ಮೇಲೆ ಮಂಕು ನೆರಳಿನ ಹಾಗೆ ಬಂತು. ಆಮೇಲೆ ಕೆನ್ನೆಯ ಮೂಳೆಯ ಮೇಲೆ, ಎರಡೂ ಕಡೆ ಅಳತೆ ಮಾಡಿ ಬಳಿದ ಹಾಗೆ. ಬಾಣಂತನ ಮುಗಿದ ಮೇಲೆ ಹೋಗುತ್ತದೆ ಅಂದರು. ಕೆಲವರಿಗೆ ಹೋಗುತ್ತದೆ, ನನಗೆ ಹೋಗಲಿಲ್ಲ. ಹಾರ್ಮೋನಿನಿಂದ ಶುರುವಾದದ್ದನ್ನು ಬಿಸಿಲು ಬೆಳೆಸಿತು. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೂಟರಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಹನ್ನೊಂದು ಕಿಲೋಮೀಟರ್ ಹೋಗುತ್ತಿದ್ದೆ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿ ವಾಪಸ್.

ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಮೆಡಿಕಲ್ ಶಾಪಿಗೆ ಹೋಗಿ ಮುಖ ತೋರಿಸಿದೆ. ಒಂದು ಟ್ಯೂಬ್ ಕೊಟ್ಟರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್, ಮೂರೂ ಸೇರಿದ್ದು. ಔಷಧಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಈ ಮೂರನ್ನು ಸೇರಿಸುವ ಉಪಾಯ 1975ರಿಂದ ಇದೆ. ಡಾಕ್ಟರು ನೋಡಿ, ಕೆಲವು ವಾರ ಹಚ್ಚಿಸಿ, ನಿಲ್ಲಿಸುತ್ತಾರೆ. ನಾನು ಏಳು ತಿಂಗಳು ಹಚ್ಚಿದೆ. ಎರಡೇ ವಾರದಲ್ಲಿ ಬಂಗು ಮಾಯವಾಗಿತ್ತು. ಆ ಖುಷಿಯಲ್ಲಿ ಟ್ಯೂಬ್ ಮುಗಿದಾಗಲೆಲ್ಲ ಇನ್ನೊಂದು ತರುತ್ತಿದ್ದೆ. ಯಾರೂ ಚೀಟಿ ಕೇಳಲಿಲ್ಲ. ಆಮೇಲೆ ಕೆನ್ನೆ ಕೆಂಪಾಯಿತು, ಸಣ್ಣ ಸಣ್ಣ ರಕ್ತನಾಳ ಕಾಣಿಸತೊಡಗಿತು, ಒಲೆ ಮುಂದೆ ನಿಂತರೆ ಮೆಣಸಿನಪುಡಿ ಹಚ್ಚಿದ ಹಾಗೆ ಉರಿ. ಹಚ್ಚುವುದು ಬಿಟ್ಟಾಗ ಬಂಗು ಮೊದಲಿಗಿಂತ ಗಾಢವಾಗಿ ವಾಪಸ್ ಬಂತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಇದೆ. ಆದರೂ ನನ್ನ ಪರಿಚಯದ ಇನ್ನೊಬ್ಬ ಹೆಂಗಸು ಮೊನ್ನೆ ಮೊನ್ನೆ ಅಂಥದ್ದೇ ಟ್ಯೂಬ್ ಹಿಡಿದುಕೊಂಡು ಬಂದಿದ್ದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ ಅಂತಲೇ ಹೇಳಬೇಕು.

ಅದಾದ ಮೇಲೆ ಅಮ್ಮ ಹೇಳಿದ್ದು ಕಡಲೆಹಿಟ್ಟು, ಮೊಸರು, ನಿಂಬೆರಸ. ಉರಿಯುತ್ತಿದ್ದ ಮುಖಕ್ಕೆ ನಿಂಬೆರಸ! ನಮ್ಮಂಥ ಕಂದು ಚರ್ಮ ಎಲ್ಲಿ ಉರಿದರೂ ಅಲ್ಲಿ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಬಂಗಿನ ಜೊತೆ ಅದೂ ಸೇರಿಕೊಂಡಿತು. ಪಾಪ, ಅಮ್ಮನಿಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ದಿನಾ ಪಿಎಚ್, ಅಂದರೆ ಹುಳಿಯ ಮಟ್ಟ, ಅಳೆಯುವ ನನಗೆ ಗೊತ್ತಿರಬೇಕಿತ್ತು.

ಆಗ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮೊದಲ ಆರು ತಿಂಗಳು ಬಂಗಿಗೆ ಏನೂ ಕೊಡಲಿಲ್ಲ. ಉರಿ ಇಳಿಸಿದರು, ಸನ್‌ಸ್ಕ್ರೀನ್ ಹಚ್ಚಿಸಿದರು, ಅಷ್ಟೇ.

ಆ ಆರು ತಿಂಗಳಲ್ಲಿ ನಾನು ಓದಲು ಶುರು ಮಾಡಿದೆ. ಬಂಗು ಎಂದರೆ ಏನು, ಆ ಕಪ್ಪು ಎಲ್ಲಿಂದ ಬರುತ್ತದೆ ಅಂತ. ಓದುತ್ತಾ ಓದುತ್ತಾ ನನಗೆ ನೆನಪಾದದ್ದು ಸಾಗರದ ಹತ್ತಿರದ ನಮ್ಮ ಮನೆಯ ಹಿತ್ತಿಲು ಮತ್ತು ಅಮ್ಮಮ್ಮ.

ಗೊನೆ ಕಡಿದ ಬಾಳೆಯ ದಿಂಡನ್ನು ಅಮ್ಮಮ್ಮ ಸಾಸ್ಮೆಗೆ ಹೆಚ್ಚುತ್ತಿದ್ದರು. ತೆಳುವಾಗಿ ಬಿಲ್ಲೆ ಮಾಡಿ, ಪ್ರತಿ ಬಿಲ್ಲೆಯಿಂದ ಎಳೆ ಎಳೆಯಾಗಿ ಬರುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೊನೆಗೆ ಬೆರಳಿಗೆ ಬಿಳಿ ಉಂಗುರ ಹಾಕಿದ ಹಾಗೆ ಕಾಣುತ್ತಿತ್ತು. ಹೆಚ್ಚಿದ ಬಿಲ್ಲೆಯನ್ನು ತಕ್ಷಣ ಮಜ್ಜಿಗೆ ನೀರಿಗೆ ಹಾಕಬೇಕು. ನಾನು ಮರೆತು ತಟ್ಟೆಯಲ್ಲಿ ಬಿಟ್ಟರೆ ಗದರುತ್ತಿದ್ದರು. "ಮಜ್ಜಿಗೆ ನೀರಿಗೆ ಹಾಕೇ ಕೂಸೆ, ಕಪ್ಪಾಗ್ತು!"

ಯಾಕೆ ಕಪ್ಪಾಗುತ್ತದೆ? ದಿಂಡಿನ ಕೋಶದೊಳಗೆ ಒಂದು ಕಿಣ್ವ ಇದೆ. ಅದರ ನಡುಮಧ್ಯದಲ್ಲಿ ತಾಮ್ರ ಇರುತ್ತದೆ. ಚಾಕು ಬಿದ್ದು ಕೋಶ ಒಡೆದಾಗ ಆ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ದಿಂಡಿನಲ್ಲೇ ಇರುವ ಫೀನಾಲ್ ಅನ್ನುವ ವಸ್ತುಗಳನ್ನು ಕಂದು ಬಣ್ಣ ಮಾಡುತ್ತದೆ. ಬದನೆಕಾಯಿ, ಸೇಬು, ಆಲೂಗಡ್ಡೆ ಎಲ್ಲದರಲ್ಲೂ ಇದೇ ಕತೆ. ಮಜ್ಜಿಗೆಯ ಹುಳಿಯಲ್ಲಿ ಆ ಕಿಣ್ವಕ್ಕೆ ಕೆಲಸ ಮಾಡಲು ಆಗುವುದಿಲ್ಲ.

ನಮ್ಮ ಚರ್ಮದಲ್ಲಿ ಇರುವುದು ಈ ಕಿಣ್ವದ ದಾಯಾದಿ. ಹೆಸರು ಟೈರೋಸಿನೇಸ್. ಇದರ ಹೊಟ್ಟೆಯಲ್ಲೂ ತಾಮ್ರ. ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಅನ್ನುವ ಕೋಶಗಳು ಕೂತಿರುತ್ತವೆ. ಕೈಕಾಲು ಚಾಚಿದ ಜೇಡದ ಹಾಗೆ ಇರುತ್ತವೆ. ಟೈರೋಸಿನ್ ಅನ್ನುವ ಅಮೈನೋ ಆಮ್ಲವನ್ನು ಟೈರೋಸಿನೇಸ್ ಹಂತ ಹಂತವಾಗಿ ಬದಲಾಯಿಸುತ್ತಾ ಹೋಗುತ್ತದೆ, ಕೊನೆಗೆ ಮೆಲನಿನ್ ಆಗುತ್ತದೆ. ಒಂದೊಂದು ಮೆಲನೊಸೈಟ್ ತನ್ನ ಸುತ್ತಲಿನ ಸುಮಾರು 36 ಕೋಶಗಳಿಗೆ ಆ ಬಣ್ಣವನ್ನು ಹಂಚುತ್ತದೆ. ಬಂಗು ಇದ್ದ ಕಡೆ ಈ ಕೋಶಗಳ ಸಂಖ್ಯೆ ಅಂಥಾ ಜಾಸ್ತಿ ಏನೂ ಆಗಿರುವುದಿಲ್ಲ. ಇದ್ದವೇ ಹಗಲುರಾತ್ರಿ ದುಡಿಯುತ್ತಿರುತ್ತವೆ.

ಅವು ಕೆಟ್ಟ ಕೆಲಸ ಮಾಡುತ್ತಿಲ್ಲ. ಬಿಸಿಲಿನಿಂದ ನಮ್ಮನ್ನು ಕಾಯುತ್ತಿರುವುದೇ ಅವು. ನನಗೆ ಬಿಳಿಯಾಗಬೇಕು ಅಂತ ಎಂದೂ ಅನ್ನಿಸಿಲ್ಲ. ನಾನು ಅಮ್ಮನ ಬಣ್ಣ, ಅಮ್ಮ ಅಮ್ಮಮ್ಮನ ಬಣ್ಣ. ಕೆನ್ನೆಯ ಬಣ್ಣ ಹಣೆಯ ಬಣ್ಣಕ್ಕೆ ಹೊಂದಲಿ ಅಂತ ಮಾತ್ರ ನನ್ನ ಆಸೆ.

ಇನ್ನು ಬ್ಯಾಕ್ಟೀರಿಯಾಕ್ಕೆ ಬರೋಣ.

ಮೊಸರಿನ ಬ್ಯಾಕ್ಟೀರಿಯಾ ಏನು ಕೊಡುತ್ತದೆ ಅಂದರೆ ಮೊದಲನೆಯದು ಲ್ಯಾಕ್ಟಿಕ್ ಆಮ್ಲ. ಇದನ್ನು 1780ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಹುಳಿ ಹಾಲಿನಿಂದಲೇ ಬೇರೆ ಮಾಡಿದ. ಇವತ್ತೂ ಕಾರ್ಖಾನೆಗಳಲ್ಲಿ ಬಹುಪಾಲು ಲ್ಯಾಕ್ಟಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳೇ ತಯಾರಿಸುತ್ತವೆ. ಸಕ್ಕರೆ ಕೊಟ್ಟರೆ ಆಮ್ಲ ಕೊಡುತ್ತವೆ. ಚರ್ಮದ ಮೇಲೆ ಅದು ಸತ್ತ ಕೋಶಗಳ ಅಂಟನ್ನು ಸಡಿಲ ಮಾಡುತ್ತದೆ, ಬಣ್ಣ ತುಂಬಿದ ಮೇಲಿನ ಕೋಶಗಳು ಬೇಗ ಉದುರುತ್ತವೆ. ಅಷ್ಟೇ ಅದರ ಕೆಲಸ ಅಂತ ನಾನು ತುಂಬಾ ದಿನ ತಿಳಿದಿದ್ದೆ. 2003ರಲ್ಲಿ ಜಪಾನಿನ ಸಂಶೋಧಕರು ಇನ್ನೊಂದು ವಿಷಯ ತೋರಿಸಿದ್ದರು. ಬಣ್ಣ ತಯಾರಿಸುವ ಕೋಶಗಳಿಗೆ ಲ್ಯಾಕ್ಟಿಕ್ ಆಮ್ಲ ಕೊಟ್ಟಾಗ ಅದು ಟೈರೋಸಿನೇಸ್ ಕಿಣ್ವವನ್ನೇ ನೇರವಾಗಿ ತಡೆಯಿತು. ಬರೀ ಹುಳಿಯ ಕಾರಣದಿಂದ ಅಲ್ಲ ಅನ್ನುವುದನ್ನೂ ಅವರು ನೋಡಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ದಿಂಡಿನ ವಿಷಯಕ್ಕೆ ಮತ್ತೆ ಬಂದಾಗ ಬೇಕಾಗುತ್ತದೆ.

ಎರಡನೆಯದು ಬ್ಯಾಕ್ಟೀರಿಯಾದ ಗೋಡೆ. ಇದು ನನಗೆ ತುಂಬಾ ಇಷ್ಟದ ಭಾಗ, ಯಾಕೆಂದರೆ ಇದನ್ನು ನಾನು ಕಣ್ಣಾರೆ ನೋಡುತ್ತೇನೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಮೊಸರು ತೆಳುವಾಗಿ ಸವರಿ, ಒಣಗಿಸಿ, ದೀಪದ ಮೇಲೆ ಸ್ವಲ್ಪ ಬಿಸಿ ತಾಗಿಸಿ, ನೇರಳೆ ಬಣ್ಣ ಹಾಕುತ್ತೇನೆ. ಆಮೇಲೆ ಅಯೋಡಿನ್. ಆಮೇಲೆ ಆಲ್ಕೋಹಾಲ್ ಸುರಿದು ತೊಳೆಯುತ್ತೇನೆ. ತೆಳು ಗೋಡೆಯ ಬ್ಯಾಕ್ಟೀರಿಯಾ ಆದರೆ ಬಣ್ಣ ಬಿಟ್ಟುಬಿಡುತ್ತದೆ. ನಮ್ಮ ಮೊಸರಿನದ್ದು ಬಿಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಎಣ್ಣೆಯ ಹನಿ ಇಟ್ಟು ನೋಡಿದರೆ ದುಂಡು ಬ್ಯಾಕ್ಟೀರಿಯಾ ನೇರಳೆ ಮಣಿಸರದ ಹಾಗೆ, ಉದ್ದದ್ದು ಕಡ್ಡಿಯ ಹಾಗೆ ಕಾಣುತ್ತವೆ. ಸಾವಿರಾರು ಸಲ ನೋಡಿದ್ದೇನೆ. ಪ್ರತಿ ಸಲ ಫೋಕಸ್ ಸರಿಯಾಗಿ ಸಿಕ್ಕಿದ ಕ್ಷಣ ಇವತ್ತಿಗೂ ಖುಷಿ ಕೊಡುತ್ತದೆ.

ಆ ದಪ್ಪ ಗೋಡೆಯಲ್ಲಿ ಲೈಪೋಟೈಕೋಯಿಕ್ ಆಮ್ಲ ಅಂತ ಒಂದು ಉದ್ದ ಅಣು ಇದೆ. ಒಂದು ತುದಿ ಒಳಗೆ ಕೊಬ್ಬಿನ ಪೊರೆಯಲ್ಲಿ ನೆಟ್ಟಿರುತ್ತದೆ, ಇನ್ನೊಂದು ತುದಿ ಗೋಡೆಯ ಕಡೆ ಚಾಚಿರುತ್ತದೆ. 2015ರಲ್ಲಿ ಕೊರಿಯಾದ ಸಂಶೋಧಕರು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಅನ್ನುವ ಬ್ಯಾಕ್ಟೀರಿಯಾದಿಂದ ಈ ಅಣುವನ್ನು ಬೇರೆ ಮಾಡಿ ಬಣ್ಣದ ಕೋಶಗಳಿಗೆ ಕೊಟ್ಟರು. ಮೆಲನಿನ್ ಕಡಿಮೆಯಾಯಿತು. ಪ್ಲಾಂಟಾರಮ್ ಅಂದರೆ ಹುಳಿ ಬಂದ ತರಕಾರಿ, ಉಪ್ಪಿನಕಾಯಿ, ಅವರ ಕಿಮ್ಚಿ ಎಲ್ಲದರಲ್ಲೂ ಸಿಗುವ ಬ್ಯಾಕ್ಟೀರಿಯಾ. 2020ರಲ್ಲಿ ಇದರ ಕುಲದ ಹೆಸರನ್ನೇ ಬದಲಾಯಿಸಿ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಮಾಡಿದರು. ನಾನು ಇನ್ನೂ ಹಳೇ ಹೆಸರಲ್ಲೇ ಕರೆಯುತ್ತೇನೆ, ಬಾಟಲಿಯವರೂ ಹಾಗೇ.

ಮೂರನೆಯದು ಬ್ಯಾಕ್ಟೀರಿಯಾ ಬೆಳೆದ ನೀರು. ಬ್ಯಾಕ್ಟೀರಿಯಾವನ್ನು ದ್ರವದಲ್ಲಿ ಬೆಳೆಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಬ್ಯಾಕ್ಟೀರಿಯಾ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ, ಮೇಲೆ ತಿಳಿ ಉಳಿಯುತ್ತದೆ. ನಮ್ಮ ಲ್ಯಾಬಿನಲ್ಲಿ ಆ ತಿಳಿಯನ್ನು ಸಿಂಕಿಗೆ ಚೆಲ್ಲುತ್ತೇವೆ. ತೈವಾನಿನವರು 2013ರಲ್ಲಿ ರಾಮ್ನೋಸಸ್ ಅನ್ನುವ ಇನ್ನೊಂದು ಲ್ಯಾಕ್ಟೋಬ್ಯಾಸಿಲಸ್‌ನ ಆ ತಿಳಿಯನ್ನೇ ತೆಗೆದುಕೊಂಡು, ಅದು ಬಣ್ಣ ಕಡಿಮೆ ಮಾಡುತ್ತದೆಯಾ, ತೇವ ಹಿಡಿಯುತ್ತದೆಯಾ ಅಂತ ನೋಡಿದರು. ಅದನ್ನು ಓದಿದ ದಿನ ನಾನು ಸಿಂಕಿನ ಮುಂದೆ ಟ್ಯೂಬ್ ಹಿಡಿದು ಸ್ವಲ್ಪ ಹೊತ್ತು ನಿಂತುಬಿಟ್ಟಿದ್ದೆ.

ಬಾಟಲಿಯ ಮೇಲಿನ ಆ 'ಲೈಸೇಟ್' ಅನ್ನುವ ಪದದ ಅರ್ಥ ಈಗ ಸುಲಭ. ಬ್ಯಾಕ್ಟೀರಿಯಾವನ್ನು ಬೆಳೆಸಿ, ಆಮೇಲೆ ಒಡೆದು, ಗೋಡೆಯ ಚೂರು, ಒಳಗಿನ ರಸ ಎಲ್ಲ ಸೇರಿದ್ದು. ಅಂದರೆ ಜೀವ ಇಲ್ಲದ್ದು.

ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ಪ್ರೋಬಯಾಟಿಕ್ ಅಂತ ಯಾಕೆ ಬರೀತಾರೆ?" ಅಂದಳು. ಸರಿಯಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆ 2001ರಲ್ಲಿ ಅರ್ಜೆಂಟೀನಾದಲ್ಲಿ ತಜ್ಞರನ್ನು ಕೂರಿಸಿ ಪ್ರೋಬಯಾಟಿಕ್ ಎಂದರೆ ಏನು ಅಂತ ನಿಗದಿ ಮಾಡಿಸಿದವು. ಅದರ ಮೊದಲ ಷರತ್ತೇ ಜೀವ ಇರಬೇಕು ಅನ್ನುವುದು. ಜೀವ ಇಲ್ಲದ ಬ್ಯಾಕ್ಟೀರಿಯಾ, ಅದರ ಚೂರು, ಇವುಗಳಿಗೆ 'ಪೋಸ್ಟ್‌ಬಯಾಟಿಕ್' ಅನ್ನುವ ಹೆಸರನ್ನು 2021ರಲ್ಲಿ ವಿಜ್ಞಾನಿಗಳ ಒಂದು ಗುಂಪು ಖಚಿತ ಮಾಡಿತು. ಬಾಟಲಿಯ ಮೇಲೆ ಆ ಹೆಸರು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ ಅಂತ ಹಳೇ ಹೆಸರನ್ನೇ ಇಟ್ಟುಕೊಂಡಿರಬಹುದು. ನನಗೆ ಅದು ಸರಿ ಅನ್ನಿಸುವುದಿಲ್ಲ.

ಜೀವ ಇರುವುದನ್ನೇ ಕ್ರೀಮಿಗೆ ಹಾಕಲು ಯಾಕಾಗುವುದಿಲ್ಲ? ಲ್ಯಾಬಿನವಳಾಗಿ ಹೇಳುತ್ತೇನೆ. ಮೊಸರು ಅನ್ನಿಸಿಕೊಳ್ಳಬೇಕಾದರೆ, ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯೋಗರ್ಟಿನ ಒಂದು ಗ್ರಾಮಿನಲ್ಲಿ ಕನಿಷ್ಠ 1 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಮುಖದ ಕ್ರೀಮಿನ ಒಂದು ಗ್ರಾಮಿನಲ್ಲಿ 1000ಕ್ಕಿಂತ ಜಾಸ್ತಿ ಸೂಕ್ಷ್ಮಜೀವಿ ಇದ್ದರೆ ಅದು ಫೇಲ್. ಕಣ್ಣಿನ ಸುತ್ತ ಹಚ್ಚುವುದಾದರೆ 100. ನನ್ನ ಕೆಲಸದಲ್ಲಿ ಎಷ್ಟು ಇದ್ದರೆ ಪಾಸೋ, ಅವರ ಕೆಲಸದಲ್ಲಿ ಅಷ್ಟು ಇದ್ದರೆ ಇಡೀ ಬ್ಯಾಚನ್ನೇ ಚೆಲ್ಲಬೇಕು. ನೀರು ಇರುವ ಯಾವ ಕ್ರೀಮೂ ಕೆಡದಿರಲು ಫಿನಾಕ್ಸಿಎಥನಾಲಿನಂಥ ಏನನ್ನಾದರೂ ಹಾಕುತ್ತಾರೆ. ಅದು ಬೂಷ್ಟನ್ನು ತಡೆಯುತ್ತದೆ, ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾವನ್ನು ಮಾತ್ರ ಬಿಟ್ಟುಬಿಡು ಅಂದರೆ ಕೇಳುವುದಿಲ್ಲ.

ಜೀವ ಇಲ್ಲ ಅಂದ ಮಾತ್ರಕ್ಕೆ ಪ್ರಯೋಜನ ಇಲ್ಲ ಅಂತ ಅಲ್ಲ. ಇದನ್ನೇ ನಾನು ಅವಳಿಗೆ ತೋರಿಸಬೇಕು ಅಂದುಕೊಂಡೆ. ಭಾನುವಾರ ಇಬ್ಬರೂ ಸಾಗರದ ಮನೆಗೆ ಹೋದೆವು. ಹಿತ್ತಿಲಿನಲ್ಲಿ ಹೊಸದಾಗಿ ಗೊನೆ ಕಡಿದ ಬಾಳೆ ಇತ್ತು.

ನಾಲ್ಕು ಸ್ಟೀಲ್ ಲೋಟ ಇಟ್ಟೆ. ಒಂದರಲ್ಲಿ ಬಾವಿ ನೀರು. ಎರಡನೆಯದರಲ್ಲಿ ಮಜ್ಜಿಗೆ. ಮೂರನೆಯದರಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಸಿದ ತಿಳಿ. ಅದನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ್ದೆ, ಮೊಸರಿನ ಬ್ಯಾಕ್ಟೀರಿಯಾ ಒಂದೂ ಉಳಿದಿರಲು ಸಾಧ್ಯವಿಲ್ಲ. ನಾಲ್ಕನೆಯದರಲ್ಲಿ ಅದೇ ಕುದಿಸಿದ ತಿಳಿ, ಆದರೆ ಅಡುಗೆ ಸೋಡಾ ಚಿಟಿಕೆ ಚಿಟಿಕೆ ಹಾಕುತ್ತಾ ನೊರೆ ನಿಲ್ಲುವವರೆಗೂ ಹುಳಿ ಮುರಿದದ್ದು. ನಾಲ್ಕಕ್ಕೂ ಐದೈದು ಬಿಲ್ಲೆ ದಿಂಡು ಹಾಕಿದೆವು. ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ನಮ್ಮನ್ನೇ ನೋಡುತ್ತಿದ್ದರು.

ಒಂದು ಗಂಟೆ ಬಿಟ್ಟು ಬಿಲ್ಲೆಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಟ್ಟೆವು. ಬಾವಿ ನೀರಿನದು ಅಂಚಿನಲ್ಲಿ ಕಂದು ಕಟ್ಟಿತ್ತು, ನಾರಿನ ಚುಕ್ಕೆಗಳು ತುಕ್ಕಿನ ಬಣ್ಣವಾಗಿದ್ದವು. ಮಜ್ಜಿಗೆಯದು ಬಿಳಿ. ಕುದಿಸಿದ ತಿಳಿಯದೂ ಬಿಳಿ, ಮಜ್ಜಿಗೆಯದಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಸೋಡಾ ಹಾಕಿದ್ದು ಬಾವಿ ನೀರಿನದಕ್ಕಿಂತಲೂ ಕಪ್ಪು. ಅಕ್ಕನ ಮಗಳು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಸತ್ತಿದ್ರೂ ಕೆಲಸ ಮಾಡ್ತು!" ಅಂದಳು.

ಹೌದು. ಕೆಲಸ ಮಾಡಿದ್ದು ಬ್ಯಾಕ್ಟೀರಿಯಾದ ಜೀವ ಅಲ್ಲ, ಅದು ಬಿಟ್ಟುಹೋದ ಹುಳಿ.

ಆದರೆ ಕೆನ್ನೆ ಬಾಳೆದಿಂಡು ಅಲ್ಲ. ಇದನ್ನೂ ಅಲ್ಲೇ ಹೇಳಿದೆ. ದಿಂಡನ್ನು ಹೆಚ್ಚಿ ಹುಳಿಯಲ್ಲೇ ಮುಳುಗಿಸಿಡಬಹುದು. ಜೀವಂತ ಕೋಶದ ಒಳಗೆ ಅಷ್ಟು ಹುಳಿ ಮಾಡಲು ಹೋದರೆ ಕೋಶವೇ ಸಾಯುತ್ತದೆ. ಆ ಜಪಾನಿನವರು 'ಬರೀ ಹುಳಿಯಿಂದ ಅಲ್ಲ' ಅಂತ ನೋಡಿದ್ದು ಅದಕ್ಕೇ ಮುಖ್ಯ. ಚರ್ಮದಲ್ಲಿ ಆ ಆಮ್ಲಕ್ಕೆ ಬೇರೆ ದಾರಿಯಿಂದಲೂ ಕಿಣ್ವವನ್ನು ಹಿಡಿಯಲು ಬರುತ್ತದೆ.

ಇನ್ನೊಂದು ಲೆಕ್ಕ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚೂಕಡಿಮೆ ಶೇ 1. ದಿನಾ ಅಳೆಯುತ್ತೇನೆ, ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಡುತ್ತಾ ತಿಳಿ ಗುಲಾಬಿ ಬಣ್ಣ ಬಂದು ನಿಲ್ಲುವವರೆಗೆ. ಪಿಎಚ್ ಸುಮಾರು 4.5. ಆ ಪಿಎಚ್‌ನಲ್ಲಿ ಆಮ್ಲದ ಐದರಲ್ಲಿ ಒಂದು ಪಾಲು ಮಾತ್ರ ಚರ್ಮದೊಳಗೆ ಇಳಿಯಬಲ್ಲ ರೂಪದಲ್ಲಿ ಇರುತ್ತದೆ. ಮುಖಕ್ಕೆ ಅಂತ ತಯಾರಾದ ಸೀರಮ್‌ಗಳಲ್ಲಿ ಶೇ 5, ಶೇ 10 ಇರುತ್ತದೆ, ಪಿಎಚ್ ಇನ್ನೂ ಕೆಳಗೆ, ಅಂದರೆ ಹುಳಿ ಇನ್ನೂ ಜಾಸ್ತಿ, ಇಟ್ಟು ಅರ್ಧದಷ್ಟು ಆ ರೂಪದಲ್ಲಿ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ಮುಖಕ್ಕೆ ಮೊಸರು ಹಚ್ಚಿದರೆ ಚರ್ಮ ಮೆತ್ತಗಾಗುತ್ತದೆ, ತಂಪಾಗುತ್ತದೆ, ಒಳ್ಳೆಯದೇ. ಅದರಿಂದ ಬಂಗು ಹೋಗಲಿ ಅಂತ ಕಾಯಬೇಡಿ. ನಿಂಬೆರಸವನ್ನಂತೂ ದಯವಿಟ್ಟು ಸೇರಿಸಬೇಡಿ.

ಈಗ ನನಗೆ ನಿಜವಾಗಿ ಕಸಿವಿಸಿ ಆಗುವ ವಿಷಯ. ಮೇಲೆ ನಾನು 'ಬಣ್ಣದ ಕೋಶ' ಅಂತ ಬರೆದೆನಲ್ಲ, ಅದು ಯಾರ ಕೋಶ? ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಬಿ16. 1954ರಲ್ಲಿ ಅಮೆರಿಕದ ಒಂದು ಕಪ್ಪು ಇಲಿಯ ಮೈಮೇಲೆ ಎದ್ದ ಕ್ಯಾನ್ಸರ್ ಗಡ್ಡೆಯಿಂದ ಬಂದ ಕೋಶಗಳು ಅವು. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವಕ್ಕೆ ಹಾರ್ಮೋನು ಕೊಟ್ಟರೆ ಮೆಲನಿನ್ ತುಂಬಿಕೊಳ್ಳುತ್ತವೆ. ಟ್ಯೂಬಿನಲ್ಲಿ ತಿರುಗಿಸಿದಾಗ ತಳದಲ್ಲಿ ಕೂರುವ ಉಂಡೆ ಕಾಡಿಗೆಯ ಹಾಗೆ ಕಪ್ಪಗಿರುತ್ತದೆ. ಬ್ಯಾಕ್ಟೀರಿಯಾದ ಸಾರ ಕೊಟ್ಟ ಟ್ಯೂಬಿನಲ್ಲಿ ಉಂಡೆ ಬೂದು. ನೋಡಲು ತುಂಬಾ ಚೆನ್ನಾಗಿದೆ, ಫೋಟೋ ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಆದರೆ ಆ ಕೋಶಗಳ ಮೇಲೆ ಚರ್ಮದ ಹೊರಪದರ ಇಲ್ಲ. ಬಿಸಿಲು ಇಲ್ಲ. ತಿಂಗಳು ತಿಂಗಳಿಗೆ ಬದಲಾಗುವ ಹೆಂಗಸಿನ ಮೈ ಇಲ್ಲ. ಲೈಪೋಟೈಕೋಯಿಕ್ ಆಮ್ಲದಷ್ಟು ದೊಡ್ಡ ಅಣು ನನ್ನ ಕೆನ್ನೆಯ ಹೊರಪದರ ದಾಟಿ ಕೆಳಗಿನ ಮೆಲನೊಸೈಟಿನವರೆಗೆ ಇಳಿಯುವುದು, ಟ್ಯೂಬಿನಲ್ಲಿ ಕೋಶದ ಮೇಲೆ ನೇರವಾಗಿ ಸುರಿದಷ್ಟು ಸುಲಭ ಅಲ್ಲ.

ಮನುಷ್ಯರ ಮೇಲೆ ನೋಡಿದ್ದು ಇಲ್ಲ ಅಂತ ಅಲ್ಲ. ಇಟಲಿಯವರು 1999ರಲ್ಲೇ, ನಮ್ಮ ಮೊಸರಿನದೇ ಆದ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಒಡೆದು ಮಾಡಿದ ಕ್ರೀಮನ್ನು ಆರೋಗ್ಯವಂತರ ಮುಂಗೈಗೆ ಹಚ್ಚಿ, ಚರ್ಮದಲ್ಲಿ ಸೆರಮೈಡ್ ಅನ್ನುವ ಕೊಬ್ಬು ಹೆಚ್ಚಾದದ್ದನ್ನು ತೋರಿಸಿದರು. ಸೆರಮೈಡ್ ಅಂದರೆ ಇಟ್ಟಿಗೆ ಗೋಡೆಯ ಗಾರೆ ಇದ್ದ ಹಾಗೆ. ಕೊರಿಯಾದಲ್ಲಿ 2015ರ ಇನ್ನೊಂದು ಅಧ್ಯಯನದಲ್ಲಿ 110 ಮಂದಿಗೆ ಪ್ಲಾಂಟಾರಮ್‌ನ ಒಂದು ತಳಿಯನ್ನು 12 ವಾರ ತಿನ್ನಲು ಕೊಟ್ಟು ನೋಡಿದರು. ಚರ್ಮದ ತೇವ, ಸುಕ್ಕು ಎರಡೂ ಸುಧಾರಿಸಿತು. ನನ್ನಂಥ ಸ್ಟೀರಾಯ್ಡ್‌ನಿಂದ ನೊಂದ ಚರ್ಮಕ್ಕೆ ಗಾರೆ ಗಟ್ಟಿಯಾದರೆ ದೊಡ್ಡ ಉಪಕಾರ. ಉರಿ ಕಡಿಮೆಯಾದರೆ ಹೊಸ ಕಪ್ಪು ಹುಟ್ಟುವುದೂ ಕಡಿಮೆ. ಆದರೆ ಆ ಎರಡರಲ್ಲೂ ಅವರು ಅಳೆದದ್ದು ಬಂಗನ್ನಲ್ಲ.

ಸೂಕ್ಷ್ಮಜೀವಿಯಿಂದ ಸಿಕ್ಕಿ, ಬಂಗಿಗೆ ಡಾಕ್ಟರುಗಳೇ ಬರೆದುಕೊಡುವ ಔಷಧಿ ಒಂದಿದೆ. ಅದರ ಕತೆ ಕೇಳಿದರೆ ನೀವೂ ಬೆರಗಾಗುತ್ತೀರಿ. ಚಿಬ್ಬು ಗೊತ್ತಲ್ಲ? ಕುತ್ತಿಗೆ, ಬೆನ್ನು, ಎದೆಯ ಮೇಲೆ ಸುಣ್ಣ ಸಿಡಿದ ಹಾಗೆ ಆಗುವ ಮಚ್ಚೆ. ಅದನ್ನು ಮಾಡುವುದು ಮಲಸೀಜಿಯ ಅನ್ನುವ ಯೀಸ್ಟ್. ಅದು ಎಲ್ಲರ ಚರ್ಮದ ಮೇಲೂ ಇರುತ್ತದೆ, ಬೆವರು ಜಾಸ್ತಿಯಾದಾಗ ಬೆಳೆಯುತ್ತದೆ. ಚಿಬ್ಬಿನ ಜಾಗ ಯಾಕೆ ಬೆಳ್ಳಗಾಗುತ್ತದೆ ಅಂತ ಇಟಲಿಯ ನಜ್ಜಾರೊ ಪೊರ್ರೊ ಮತ್ತು ಪಾಸಿ 1970ರ ದಶಕದಲ್ಲಿ ಹುಡುಕಿದರು. ಆ ಯೀಸ್ಟ್ ಚರ್ಮದ ಕೊಬ್ಬನ್ನು ಒಡೆದು ಅಜೆಲಾಯಿಕ್ ಆಮ್ಲ ಮಾಡುತ್ತದೆ, ಅದು ಟೈರೋಸಿನೇಸನ್ನು ತಡೆಯುತ್ತದೆ ಅನ್ನುವುದು ಗೊತ್ತಾಯಿತು. ಈಗ ಅದನ್ನು ಯೀಸ್ಟಿನಿಂದ ತೆಗೆಯುವುದಿಲ್ಲ, ಕೊಬ್ಬಿನ ಆಮ್ಲದಿಂದ ರಾಸಾಯನಿಕವಾಗಿ ಮಾಡುತ್ತಾರೆ. ಆದರೆ ದಾರಿ ತೋರಿಸಿದ್ದು ಒಂದು ಚಿಬ್ಬು. ಕೋಜಿಕ್ ಆಸಿಡ್ ಕೂಡ ಹಾಗೇ, 1907ರಲ್ಲಿ ಜಪಾನಿನಲ್ಲಿ ಅನ್ನದ ಮೇಲೆ ಬೆಳೆಸುವ ಕೋಜಿ ಬೂಷ್ಟಿನಿಂದ ಸಿಕ್ಕಿದ್ದು. ಅದು ಟೈರೋಸಿನೇಸಿನ ತಾಮ್ರವನ್ನೇ ಹಿಡಿದುಕೊಂಡು ಬಿಡುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ಅಲ್ಲ, ಪ್ರೋಬಯಾಟಿಕ್ಕಂತೂ ಅಲ್ಲವೇ ಅಲ್ಲ. ಆದರೂ ಇವನ್ನು ನೆನೆದಾಗ ಮೊಸರಿನ ಬ್ಯಾಕ್ಟೀರಿಯಾದಿಂದಲೂ ಮುಂದೆ ಗಟ್ಟಿಯಾದದ್ದು ಏನಾದರೂ ಸಿಗಬಹುದು ಅನ್ನುವ ಆಸೆ ನನಗೆ ಬರುತ್ತದೆ. ಒಂದೇ ಅಣುವನ್ನು ಬೇರೆ ಮಾಡಿ, ಎಷ್ಟು ಹಚ್ಚಬೇಕು, ಎಷ್ಟು ವಾರ ಹಚ್ಚಬೇಕು ಅಂತ ಬಂಗು ಇರುವ ಹೆಂಗಸರ ಮೇಲೇ ನೋಡಬೇಕು. ಅಷ್ಟು ತಾಳ್ಮೆ ಬೇಕು.

ನನಗೆ ಡಾಕ್ಟರು ಕೊಟ್ಟದ್ದೂ ಅಜೆಲಾಯಿಕ್ ಆಮ್ಲವೇ. ಮೂರು ವರ್ಷದಿಂದ ಹಚ್ಚುತ್ತಿದ್ದೇನೆ, ನಡುನಡುವೆ ಬಿಟ್ಟು. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಸನ್‌ಸ್ಕ್ರೀನ್. ಬರೀ ಎಸ್‌ಪಿಎಫ್ ನೋಡಿ ತಂದ ಬಿಳಿಯದು ಸಾಲಲಿಲ್ಲ. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಬಣ್ಣದ ಚರ್ಮದಲ್ಲಿ ಬಂಗನ್ನು ಗಾಢ ಮಾಡುತ್ತದಂತೆ. ಕಬ್ಬಿಣದ ಆಕ್ಸೈಡ್ ಹಾಕಿದ, ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಆ ಬೆಳಕನ್ನೂ ತಡೆಯುತ್ತದೆ. ಅದಕ್ಕೆ ಬದಲಾಯಿಸಿದ ಮೇಲೆ ಬಲಗೆನ್ನೆಯ ಅಂಚು ಮೊದಲ ಸಲ ಮಸುಕಾಯಿತು. ಹೆಲ್ಮೆಟ್ಟಿಗೆ ಕಪ್ಪು ಗಾಜು ಹಾಕಿಸಿದೆ. ಹಾಲು ಸುರಿಯುವ ಪ್ಲಾಟ್‌ಫಾರ್ಮಿಗೆ ಸ್ಯಾಂಪಲ್ ತರಲು ಹೋಗುವಾಗ ಕೊಡೆ ಹಿಡಿಯುತ್ತೇನೆ. ಲಾರಿಯವರು ಮೊದಮೊದಲು ನೋಡುತ್ತಿದ್ದರು, ಈಗ ಅಭ್ಯಾಸವಾಗಿದೆ.

ಮತ್ತೆ ಆ ಬಾಟಲಿ. "ಹಚ್ಚಲಾ, ಬೇಡ್ವಾ? ಅದನ್ನ ಮೊದ್ಲು ಹೇಳು ಚಿಕ್ಕಿ," ಅಂತ ಅವಳು ಹೊರಡುವ ದಿನ ಕೇಳಿದಳು. ಅವಳೂ ಒಂದು ಇಟ್ಟುಕೊಂಡಿದ್ದಳು, ಮೊಡವೆ ಕಲೆಗೆ. ಹಚ್ಚು ಅಂದೆ. ಸಂಜೆ ಮಾತ್ರ, ಮೊದಲು ಕಿವಿಯ ಹಿಂದೆ ಎರಡು ದಿನ ಹಚ್ಚಿ ನೋಡು, ಉರಿದರೆ ಬಿಟ್ಟುಬಿಡು, ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡ. ಕಲೆ ಕಡಿಮೆಯಾದರೆ ಲ್ಯಾಕ್ಟೋಬ್ಯಾಸಿಲಸ್ಸೇ ಮಾಡಿತು ಅಂತ ತಕ್ಷಣ ಎಲ್ಲರಿಗೂ ಹೇಳಬೇಡ ಅಂತಲೂ ಅಂದೆ. ಆ ಬಾಟಲಿಯಲ್ಲಿ ನಿಯಾಸಿನಮೈಡ್ ಇದೆ. ಮೆಲನೊಸೈಟು ಬಣ್ಣವನ್ನು ಅಕ್ಕಪಕ್ಕದ ಕೋಶಕ್ಕೆ ಹಂಚುವುದನ್ನು ಅದು ತಡೆಯುತ್ತದೆ ಅನ್ನುವುದು ಇಪ್ಪತ್ತು ವರ್ಷದಿಂದ ಗೊತ್ತಿರುವ ವಿಷಯ. ಲ್ಯಾಕ್ಟಿಕ್ ಆಮ್ಲ ಬೇರೆ ಇದೆ. ಮೂವರು ಸೇರಿ ಗದ್ದೆ ನೆಟ್ಟರೆ ಯಾರ ಸಾಲು ಯಾವುದು ಅಂತ ಬದುವಿನಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ನಾನೂ ಡಾಕ್ಟರನ್ನು ಕೇಳಿ ಹಚ್ಚಲು ಶುರು ಮಾಡಿದ್ದೇನೆ. ಎಡಗೆನ್ನೆಗೆ ಮಾತ್ರ. ಬೇರೆಲ್ಲವೂ ಎರಡೂ ಕಡೆ ಒಂದೇ. ಬಾಟಲಿ ಫ್ರಿಜ್ಜಿನ ಬಾಗಿಲಿನಲ್ಲಿ, ಹೆಪ್ಪಿನ ಬಟ್ಟಲಿನ ಪಕ್ಕ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕಿಟಕಿಯ ಹತ್ತಿರ, ಅದೇ ಬಿಳಿ ಟವೆಲ್ ಹೆಗಲಿಗೆ ಹಾಕಿಕೊಂಡು ಮಗಳ ಹತ್ತಿರ ಎರಡೂ ಕೆನ್ನೆಯ ಫೋಟೋ ತೆಗೆಸುತ್ತೇನೆ. 12 ವಾರ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ನಿನ್ನೆ ಐದನೆಯದು. ಮಗಳು ಎರಡು ಫೋಟೋ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿ, "ಅಮ್ಮ, ಎರಡೂ ಒಂದೇ ಥರ ಇದೆ," ಅಂದಳು. ನನಗೂ ಹಾಗೇ ಕಂಡಿತು. ಇನ್ನು ಏಳು ವಾರ ಇದೆ.